ಕಾರ್ಡಿನ ಹಿಂಬದಿಯಲ್ಲಿ ಇಲ್ಲದ ಅಂಕಗಳು

ಚಿಕ್ಕಂದಿನಲ್ಲಿ ಕ್ರಿಕೆಟ್ ಟ್ರಂಪ್ ಕಾರ್ಡ್ ಆಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಹೆಚ್ಚು ರನ್ ಇದ್ದವರ ಕಾರ್ಡ್ ಗೆಲ್ಲುತ್ತದೆ. ಕಡಿಮೆ ರನ್ನಿನ ಆಟಗಾರ ಕೈಗೆ ಬಂದರೆ ಮುಖ ಸಪ್ಪಗಾಗುತ್ತದೆ. ಅಂಥ ‘ಸೋಲುವ ಕಾರ್ಡ್’ ಒಂದರ ಕಥೆ ಇಲ್ಲಿದೆ. ಆದರೆ ಇದು ಅಮೆರಿಕದ ಬೇಸ್‌ಬಾಲ್ ಕಾರ್ಡ್.

ಅಮೆರಿಕದಲ್ಲಿ ಟಾಪ್ಸ್ ಎಂಬ ಕಂಪನಿ ಚೂಯಿಂಗ್ ಗಮ್ ಜೊತೆಗೆ ಆಟಗಾರರ ಕಾರ್ಡುಗಳನ್ನು ಮಾರುತ್ತಿತ್ತು. ಮುಂದೆ ಫೋಟೋ, ಹಿಂದೆ ಆಟದ ಅಂಕಿಅಂಶ. 1965ರ ಸರಣಿಯಲ್ಲಿ 598 ಕಾರ್ಡುಗಳಿದ್ದವು. ಅದರಲ್ಲಿ 519ನೆಯದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಾಬ್ ಯೂಕರ್ ಅವರದು. ಚಿತ್ರದಲ್ಲಿ ಅವರು ಎಡಗೈ ಬ್ಯಾಟರ್‌ನಂತೆ ನಿಂತಿದ್ದಾರೆ. ವಾಸ್ತವದಲ್ಲಿ ಅವರು ಬಲಗೈ ಆಟಗಾರ! ಫೋಟೋ ತೆಗೆಯುವಾಗ ತಮಾಷೆಗೆ ಹಾಗೆ ನಿಂತರು. ಕಾರ್ಡ್ ಹಾಗೆಯೇ ಅಚ್ಚಾಯಿತು.

ಯೂಕರ್ ಹುಟ್ಟಿದ್ದು 1934ರಲ್ಲಿ, ಮಿಲ್ವಾಕೀ ನಗರದಲ್ಲಿ. 1956ರಲ್ಲಿ ತಮ್ಮೂರಿನ ಬ್ರೇವ್ಸ್ ತಂಡಕ್ಕೆ ಸಹಿ ಹಾಕಿದರು. ಆದರೆ ಮುಖ್ಯ ತಂಡದಲ್ಲಿ ಆಡುವ ಅವಕಾಶ ಸಿಗುವಷ್ಟರಲ್ಲಿ 1962 ಬಂದಿತ್ತು, ಅವರಿಗೆ 28 ವರ್ಷವಾಗಿತ್ತು. ಅವರು ಕ್ಯಾಚರ್, ಅಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆರು ವರ್ಷಗಳಲ್ಲಿ ಮಿಲ್ವಾಕೀ, ಸೇಂಟ್ ಲೂಯಿಸ್, ಫಿಲಡೆಲ್ಫಿಯಾ, ಅಟ್ಲಾಂಟಾ ಎಂದು ಊರಿಂದ ಊರಿಗೆ ಹೋದರು. ಹೀಗೆ ತಂಡದಿಂದ ತಂಡಕ್ಕೆ ಸಾಗುತ್ತ, ಹೆಚ್ಚಾಗಿ ಬೆಂಚಿನಲ್ಲೇ ಕಾಯುವ ಆಟಗಾರರು ಪ್ರತಿ ತಂಡದಲ್ಲೂ ಇರುತ್ತಾರೆ.

ಈಗ ಅಂಕಗಳನ್ನು ನೋಡೋಣ. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ, ಲೆಕ್ಕಕ್ಕೆ ಸೇರುವ ಸರದಿಗಳಲ್ಲಿ ಎಷ್ಟು ಸಲ ಹಿಟ್ ಬಂತು ಎಂಬ ಭಾಗಲಬ್ಧ. 0.300 ಇದ್ದರೆ ಉತ್ತಮ ಬ್ಯಾಟರ್. ಯೂಕರ್ ತಮ್ಮ ಇಡೀ ವೃತ್ತಿಜೀವನದಲ್ಲಿ 731 ಸರದಿಗಳಿಗೆ 146 ಹಿಟ್ ಗಳಿಸಿದರು. ಭಾಗಿಸಿ ನೋಡಿ: 0.200. ಐದು ಸಲಕ್ಕೆ ಒಂದೇ ಸಲ ಯಶಸ್ಸು. ಹೋಮ್ ರನ್ ಒಟ್ಟು 14 ಮಾತ್ರ.

ಆ 14ರಲ್ಲಿ ಒಂದರ ಕಥೆ ಕೇಳಿ. ಕಾರ್ಡ್ ಬಂದ 1965ರಲ್ಲೇ, ಆ ಕಾಲದ ಅತಿ ಕಠಿಣ ಎಸೆತಗಾರ ಸ್ಯಾಂಡಿ ಕೂಫ್ಯಾಕ್ಸ್ ಅವರ ಚೆಂಡಿಗೆ ಯೂಕರ್ ಹೋಮ್ ರನ್ ಬಾರಿಸಿದರು. ಅದಕ್ಕೆ ಹಿಂದಿನ ವರ್ಷ ಅವರ ತಂಡ ವಿಶ್ವ ಸರಣಿ ಗೆದ್ದಿತ್ತು. ಆ ಸರಣಿಯಲ್ಲಿ ಅವರಿಗೆ ಒಂದು ಪಂದ್ಯವನ್ನೂ ಆಡಲು ಸಿಗಲಿಲ್ಲ. ಆದರೆ ಪಂದ್ಯಕ್ಕೆ ಮುಂಚೆ ಬ್ಯಾಂಡಿನವರ ದೊಡ್ಡ ಟ್ಯೂಬಾ ವಾದ್ಯ ಎತ್ತಿಕೊಂಡು, ಅದರ ಬಾಯಿಯಲ್ಲಿ ಚೆಂಡು ಹಿಡಿದು ಎಲ್ಲರನ್ನೂ ನಗಿಸಿದರು.

1967ಕ್ಕೆ ಆಟ ಮುಗಿಯಿತು. ಅಷ್ಟರಲ್ಲಿ ಬ್ರೇವ್ಸ್ ತಂಡ ಮಿಲ್ವಾಕೀ ಬಿಟ್ಟು ಅಟ್ಲಾಂಟಾಕ್ಕೆ ಹೋಗಿಯಾಗಿತ್ತು. 1970ರಲ್ಲಿ ಮಿಲ್ವಾಕೀಗೆ ಬ್ರೂವರ್ಸ್ ಎಂಬ ಹೊಸ ತಂಡ ಬಂತು. ಮರುವರ್ಷವೇ ಯೂಕರ್ ತಮ್ಮೂರಿಗೆ ರೇಡಿಯೊ ವೀಕ್ಷಕ ವಿವರಣೆಗಾರರಾಗಿ ಮರಳಿದರು. ತಮ್ಮ ಸೋಲುಗಳನ್ನೇ ಹಾಸ್ಯ ಮಾಡಿಕೊಂಡು ಹೇಳುತ್ತಿದ್ದ ಆ ಧ್ವನಿ 2024ರವರೆಗೆ, 54 ಋತುಗಳ ಕಾಲ, ಆ ಊರಿನ ಮನೆಮನೆಗಳಲ್ಲಿ ಕೇಳಿಸಿತು. 2003ರಲ್ಲಿ ಬೇಸ್‌ಬಾಲ್ ಪ್ರಸಾರಕರಿಗೆ ಸಲ್ಲುವ ಫೋರ್ಡ್ ಫ್ರಿಕ್ ಪ್ರಶಸ್ತಿ ಅವರಿಗೆ ದೊರೆಯಿತು. ಕ್ರೀಡಾಂಗಣದಲ್ಲಿ ಅವರ ಪ್ರತಿಮೆಯೂ ಇದೆ. 2025ರ ಜನವರಿಯಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಗೆಳೆಯರೇ, 0.200 ಎಂಬುದು ಸುಳ್ಳಲ್ಲ. ಯೂಕರ್ ಅದನ್ನು ಎಂದೂ ಮುಚ್ಚಿಡಲಿಲ್ಲ, ಅದಕ್ಕೆ ಯಾರನ್ನೂ ದೂರಲಿಲ್ಲ. ಆದರೆ ಆ ಅಂಕ ಅಳೆದದ್ದು ಬ್ಯಾಟನ್ನು ಮಾತ್ರ. ಮಾತು ಅವರ ದೊಡ್ಡ ಶಕ್ತಿಯಾಗಿತ್ತು, ಅದಕ್ಕೆ ಕಾರ್ಡಿನಲ್ಲಿ ಕಾಲಂ ಇರಲಿಲ್ಲ. ಫಲಿತಾಂಶದ ದಿನ ನಮ್ಮ ಕೈಗೂ ಒಂದು ಮಾರ್ಕ್ಸ್ ಕಾರ್ಡ್ ಬರುತ್ತದೆ. ಅದರಲ್ಲಿರುವುದನ್ನು ಒಪ್ಪಿಕೊಳ್ಳೋಣ, ಕಡಿಮೆಯಾದಲ್ಲಿ ಇನ್ನಷ್ಟು ಓದೋಣ. ಪಕ್ಕದ ಬೆಂಚಿನ ಗೆಳೆಯನ ಕಾರ್ಡ್ ನೋಡಿ ‘ಇವನು ಇಷ್ಟೇ’ ಎನ್ನುವ ಮುನ್ನ ಮಾತ್ರ 519ನೇ ಕಾರ್ಡನ್ನು ಒಮ್ಮೆ ನೆನೆಯೋಣ.