ಗುಡುಗುಹಕ್ಕಿಯ ಕ್ರೀಡಾಸಾಮ್ರಾಜ್ಯ

2010ರ ಮಾರ್ಚ್ 20. ಕೆನಡಾದ ವ್ಯಾಂಕೂವರ್ ನಗರದ ಪಶ್ಚಿಮ ತುದಿಯ ಹಿಮಾಂಗಣವೊಂದರಲ್ಲಿ ಅಮೆರಿಕ ಮತ್ತು ಜಪಾನ್ ತಂಡಗಳು ಚಳಿಗಾಲದ ಪ್ಯಾರಾಲಿಂಪಿಕ್ಸ್ ಚಿನ್ನಕ್ಕಾಗಿ ಸೆಣಸುತ್ತಿದ್ದವು. ಆಟ, ಸ್ಲೆಜ್ ಹಾಕಿ. ಕಾಲಿನ ಬಲ ಕುಂದಿದ ಆಟಗಾರರು ಎರಡು ಅಲಗುಗಳ ಮೇಲಿನ ಪುಟ್ಟ ಜಾರುಬಂಡಿಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಕೂತಿರುತ್ತಾರೆ. ಎರಡೂ ಕೈಗಳಲ್ಲಿ ಒಂದೊಂದು ಮೋಟು ಕೋಲು. ಕೋಲಿನ ಹಿಂತುದಿಯ ಉಕ್ಕಿನ ಹಲ್ಲುಗಳನ್ನು ಹಿಮಕ್ಕೆ ಊರಿ ತಮ್ಮನ್ನು ತಾವೇ ಮುಂದಕ್ಕೆ ದೂಡಿಕೊಳ್ಳುತ್ತಾರೆ. ಮರುಕ್ಷಣವೇ ಕೋಲನ್ನು ತಿರುವಿ ಅದರಿಂದಲೇ ಪಕ್ ಎಂಬ ಬಿಲ್ಲೆಯನ್ನು ಹೊಡೆಯುತ್ತಾರೆ. ಆತಿಥೇಯ ಕೆನಡಾವನ್ನು ಸೆಮಿಫೈನಲ್‌ನಲ್ಲಿ ಬೆರಗುಗೊಳಿಸಿ ಬಂದಿದ್ದ ಜಪಾನ್ ಅಂದು 2–0ರಿಂದ ಸೋತಿತು. ಅದಕ್ಕೂ ಒಂದು ತಿಂಗಳ ಹಿಂದೆ ಇದೇ ಅಂಗಣದಲ್ಲಿ ಒಲಿಂಪಿಕ್ಸ್ ಐಸ್ ಹಾಕಿಯ ಹಲವಾರು ಪಂದ್ಯಗಳು ನಡೆದಿದ್ದವು. ಅಚ್ಚರಿಯೆಂದರೆ, ಈ ಅಂಗಣ ಸರ್ಕಾರದ್ದೂ ಅಲ್ಲ, ಯಾವ ವೃತ್ತಿಪರ ಕ್ಲಬ್ಬಿನದೂ ಅಲ್ಲ. ಅದು ಒಂದು ವಿಶ್ವವಿದ್ಯಾಲಯದ್ದು. ಅತಿಥಿಗಳು ತೆರಳಿದ ಮೇಲೆ ಅಲ್ಲಿ ಆಡುತ್ತಿರುವವರು ಬೆಳಿಗ್ಗೆ ತರಗತಿಗೆ ಹೋಗಿ ಸಂಜೆ ಸ್ಕೇಟ್ ಕಟ್ಟುವ ವಿದ್ಯಾರ್ಥಿಗಳು.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಯುಬಿಸಿ, ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡ ಪಾಯಿಂಟ್ ಗ್ರೇ ಭೂಶಿರದ ಮೇಲಿದೆ. ಮಸ್ಕ್ವಿಯಮ್ ಮೂಲನಿವಾಸಿಗಳ ಪರಂಪರಾಗತ ನೆಲವಿದು. ಇಲ್ಲಿನ ಕ್ರೀಡಾತಂಡಗಳ ಹೆಸರು ಥಂಡರ್‌ಬರ್ಡ್ಸ್, ಬಣ್ಣ ನೀಲಿ ಮತ್ತು ಹೊನ್ನು. ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು ನೂರನ್ನು ದಾಟಿವೆ. ಕೆನಡಾದ ಬೇರಾವ ವಿಶ್ವವಿದ್ಯಾಲಯಕ್ಕೂ ಈ ಮಟ್ಟ ಮುಟ್ಟಲಾಗಿಲ್ಲ. ಒಲಿಂಪಿಕ್ಸ್ ಅಂಗಣ, ಐವತ್ತು ಮೀಟರ್ ಈಜುಕೊಳ, ಸ್ಟೇಡಿಯಂ, ಟೆನಿಸ್ ಕೇಂದ್ರ, ರಗ್ಬಿ ಕೇಂದ್ರ, ಬೇಸ್‌ಬಾಲ್ ಮೈದಾನ ಎಲ್ಲವೂ ಒಂದೇ ಆವರಣದಲ್ಲಿ. ಈ ವೈಭವವನ್ನು ಕಂಡವರು ಇದು ಧನಬಲದ ಮಹಿಮೆ ಎಂದುಕೊಳ್ಳುವುದು ಸಹಜ. ಇತಿಹಾಸದ ಪುಟ ತಿರುವಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಇಲ್ಲಿನ ಕ್ರೀಡಾಪರಂಪರೆಗೆ ಅಡಿಗಲ್ಲಿಟ್ಟವರು ಬಹುಪಾಲು ವಿದ್ಯಾರ್ಥಿಗಳೇ.

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ವಿಶ್ವವಿದ್ಯಾಲಯ ಆರಂಭವಾದಾಗ ಅದಕ್ಕೆ ಸ್ವಂತ ನೆಲೆಯಿರಲಿಲ್ಲ. ಫೇರ್‌ವ್ಯೂ ಎಂಬಲ್ಲಿನ ಕಿಷ್ಕಿಂಧೆಯಂಥ ಮರದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. ಪಾಯಿಂಟ್ ಗ್ರೇಯಲ್ಲಿ ಆರಂಭವಾಗಿದ್ದ ಕಟ್ಟಡದ ಕೆಲಸ ಯುದ್ಧದಿಂದಾಗಿ ನಿಂತುಹೋಗಿ, ವಿಜ್ಞಾನ ವಿಭಾಗದ ಉಕ್ಕಿನ ಚೌಕಟ್ಟು ಅಸ್ಥಿಪಂಜರವಾಗಿ ಮಳೆಗೆ ತೋಯುತ್ತಿತ್ತು. ವಿದ್ಯಾರ್ಥಿಗಳು ಸುಮಾರು 56,000 ಸಹಿ ಸಂಗ್ರಹಿಸಿದರು. 1922ರ ಅಕ್ಟೋಬರ್ 28ರಂದು ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟು, ಪಾಯಿಂಟ್ ಗ್ರೇ ತಲುಪಿ, ಆ ಬೋಳು ಚೌಕಟ್ಟಿನ ಅಂತಸ್ತು ಅಂತಸ್ತಿಗೂ ಹತ್ತಿ ನಿಂತರು. ಸರ್ಕಾರ ಮಣಿಯಿತು, ಹದಿನೈದು ಲಕ್ಷ ಡಾಲರ್ ಮಂಜೂರಾಯಿತು, 1925ರಲ್ಲಿ ಹೊಸ ಕ್ಯಾಂಪಸ್ ಬಾಗಿಲು ತೆರೆಯಿತು. ‘ಗ್ರೇಟ್ ಟ್ರೆಕ್’ ಎಂದೇ ಪ್ರಸಿದ್ಧವಾದ ಆ ನಡಿಗೆಯ ನೆನಪಿಗೆ ವಿದ್ಯಾರ್ಥಿಗಳು ಕಲ್ಲು ಪೇರಿಸಿ ನಿಲ್ಲಿಸಿದ ಸ್ಮಾರಕ ಇಂದಿಗೂ ಕ್ಯಾಂಪಸ್ಸಿನ ಮುಖ್ಯ ಮಾರ್ಗದಲ್ಲಿದೆ.

ಪಾಠದ ಕೊಠಡಿಗಳೇನೋ ಬಂದವು, ಆಟಕ್ಕೆ ಸೂರು ಬರಲಿಲ್ಲ. ಆಗಲೂ ಕಾಯುತ್ತ ಕೂರುವ ಜಾಯಮಾನ ಅವರದಾಗಿರಲಿಲ್ಲ. ಸಾಲ ಎತ್ತಲು ಕಾನೂನಿನ ಅರ್ಹತೆ ಬೇಕೆಂದು 1928ರಲ್ಲಿ ವಿದ್ಯಾರ್ಥಿ ಸಂಘವನ್ನೇ ನೋಂದಣಿ ಮಾಡಿಸಿದರು; ಮರುವರ್ಷ ಜಿಮ್ನೇಷಿಯಂ ಎದ್ದುನಿಂತಿತು. ಅದರ ಬೆನ್ನಿಗೇ ಬಂತು ಮೊದಲ ಅಂತರರಾಷ್ಟ್ರೀಯ ಕೀರ್ತಿ. 1930ರಲ್ಲಿ ಪ್ರಾಗ್ ನಗರದಲ್ಲಿ ನಡೆದ ಮಹಿಳಾ ವಿಶ್ವಕ್ರೀಡಾಕೂಟಕ್ಕೆ ಕೆನಡಾದ ಪ್ರತಿನಿಧಿಗಳಾಗಿ ತೆರಳಿದ ಯುಬಿಸಿ ಬ್ಯಾಸ್ಕೆಟ್‌ಬಾಲ್ ಯುವತಿಯರು ಫ್ರಾನ್ಸ್ ತಂಡವನ್ನು ಮಣಿಸಿ ಮರಳಿದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಾಲಿಡಲು ಇನ್ನೂ ನಲವತ್ತಾರು ವರ್ಷ ಬೇಕಿದ್ದ ಕಾಲವದು.

‘ಥಂಡರ್‌ಬರ್ಡ್’ ಎಂಬ ನಾಮಧೇಯ ಬಂದದ್ದು 1934ರಲ್ಲಿ. ರೆಕ್ಕೆ ಬಡಿದರೆ ಗುಡುಗು, ಕಣ್ಣು ಮಿಟುಕಿಸಿದರೆ ಮಿಂಚು ಎಂದು ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳು ನಂಬಿದ ದಿವ್ಯಪಕ್ಷಿಯದು. ಯಾರನ್ನೂ ಕೇಳದೆ ಎತ್ತಿಕೊಂಡ ಆ ಹೆಸರಿಗೆ ಒಪ್ಪಿಗೆಯ ಮುದ್ರೆ ಬಿದ್ದದ್ದು 1948ರಲ್ಲಿ. ಫುಟ್‌ಬಾಲ್ ಪಂದ್ಯವೊಂದರ ವಿರಾಮದಲ್ಲಿ ಕ್ವಾಕ್ವಕವಕ್ವ ಸಮುದಾಯದ ಮುಖ್ಯಸ್ಥ ವಿಲಿಯಂ ಸ್ಕೋ ಅವರು ಹೆಸರನ್ನು ಬಳಸಲು ವಿಧಿವತ್ತಾಗಿ ಅನುಮತಿ ನೀಡಿದರು. ಕಾಷ್ಠಶಿಲ್ಪಿ ಎಲೆನ್ ನೀಲ್ ತಾವು ಕೆತ್ತಿದ ಟೋಟೆಮ್ ಸ್ತಂಭವನ್ನು ಒಪ್ಪಿಸಿದರು. ‘ಪಾಟ್‌ಲ್ಯಾಚ್’ ಎಂಬ ತಮ್ಮದೇ ದಾನೋತ್ಸವವನ್ನು ಆಚರಿಸುವುದೂ ಆ ಜನರಿಗೆ ಕೆನಡಾದ ಕಾನೂನಿನಲ್ಲಿ ಆಗ ಅಪರಾಧವಾಗಿತ್ತು. ಆ ನಿಷೇಧ ತೆರವಾದದ್ದು 1951ರಲ್ಲಿ. ಅಂಥ ದಿನಗಳಲ್ಲಿ ಸಾವಿರಾರು ಜನರ ಮುಂದೆ ಹೀಗೊಂದು ಸಮಾರಂಭ ನಡೆಯಿತು. ಉತ್ತರ ಅಮೆರಿಕದ ಎಷ್ಟೋ ತಂಡಗಳು ಮೂಲನಿವಾಸಿಗಳಿಂದ ಎರವಲು ಪಡೆದ ಹೆಸರುಗಳನ್ನು ಇತ್ತೀಚೆಗೆ ಮುಜುಗರದಿಂದ ಕೈಬಿಟ್ಟಿವೆ. ಗುಡುಗುಹಕ್ಕಿ ಉಳಿದುಕೊಂಡಿರುವುದಕ್ಕೆ ಈ ಅನುಮತಿಯ ಬಲವೂ ಕಾರಣ ಎನ್ನಬೇಕು.

1951ರಲ್ಲಿ ಲೋಕಾರ್ಪಣೆಯಾದ ವಾರ್ ಮೆಮೋರಿಯಲ್ ಜಿಮ್ನೇಷಿಯಂ, ಎರಡು ಮಹಾಯುದ್ಧಗಳಲ್ಲಿ ಮಡಿದವರ ಸ್ಮರಣೆಗೆಂದು ವಿದ್ಯಾರ್ಥಿಗಳು ಹಣ ಕೂಡಿಸಿ ಕಟ್ಟಿಸಿದ್ದು. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಪಂದ್ಯಗಳಿಗೆ ಇಂದಿಗೂ ಅದೇ ಮನೆಯಂಗಳ. ಯುಬಿಸಿಯ ಹೆಸರನ್ನು ಜಗತ್ತಿನ ನಕ್ಷೆಯಲ್ಲಿ ಅಚ್ಚೊತ್ತಿದ ಸಾಧನೆ ಮಾತ್ರ ಸೂರಿನಡಿ ಆದದ್ದಲ್ಲ, ನೀರಿನ ಮೇಲೆ ಆದದ್ದು.

ತರಬೇತುದಾರ ಫ್ರಾಂಕ್ ರೀಡ್ ಅವರ ಕೈಗೆ ಸಿಕ್ಕ ದೋಣಿಸ್ಪರ್ಧೆಯ ಹುಡುಗರಲ್ಲಿ ಅನೇಕರು ವಿಶ್ವವಿದ್ಯಾಲಯಕ್ಕೆ ಬರುವವರೆಗೆ ಹುಟ್ಟು ಹಿಡಿದವರೇ ಅಲ್ಲ. ವ್ಯಾಂಕೂವರ್ ರೋಯಿಂಗ್ ಕ್ಲಬ್ಬಿನ ಆಶ್ರಯದಲ್ಲಿ, ಕೋಲ್ ಹಾರ್ಬರಿನ ತಣ್ಣನೆಯ ನೀರಿನಲ್ಲಿ ಅವರ ಅಭ್ಯಾಸ. 1954ರಲ್ಲಿ ವ್ಯಾಂಕೂವರಿನಲ್ಲೇ ನಡೆದ ಬ್ರಿಟಿಷ್ ಎಂಪೈರ್ ಕ್ರೀಡಾಕೂಟದಲ್ಲಿ ಈ ಎಂಟು ಜನರ ತಂಡ ಇಂಗ್ಲೆಂಡನ್ನು ಹಿಂದಿಕ್ಕಿ ಚಿನ್ನ ಗೆದ್ದಿತು. ಮರುವರ್ಷ ದೋಣಿಸ್ಪರ್ಧೆಯ ಕಾಶಿಯಾದ ಹೆನ್ಲಿಗೆ ಹೋಗಿ, ಬಲಿಷ್ಠ ಸೋವಿಯತ್ ತಂಡವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿತು. ಫೈನಲ್‌ನಲ್ಲಿ ಪೆನ್ಸಿಲ್ವೇನಿಯಾಕ್ಕೆ ಮಣಿಯಿತು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಎಂಟು ಜನರ ತಂಡವೇ ಮುಖ್ಯ ಭರವಸೆಯಾಗಿ ಹೊರಟಿತು. ಜೊತೆಯಲ್ಲಿ ನಾಲ್ವರಿದ್ದರು: ಡಾನ್ ಆರ್ನಾಲ್ಡ್, ವಾಲ್ಟರ್ ಡಿಹಾಂಟ್, ಲಾರ್ನ್ ಲೂಮರ್, ಆರ್ಚಿಬಾಲ್ಡ್ ಮೆಕಿನನ್. ದೊಡ್ಡ ತಂಡಕ್ಕೆ ಆಪತ್ಕಾಲದ ಬದಲಿ ಆಟಗಾರರೆಂಬುದೇ ಅವರ ಮುಖ್ಯ ಪಾತ್ರ. ಹುಟ್ಟು ಹಾಕಲು ಕಲಿತು ಬಹುಕಾಲವೂ ಆಗಿರಲಿಲ್ಲ. ಬ್ಯಾಲರಾಟ್‌ನ ವೆಂಡೂರೀ ಸರೋವರದಲ್ಲಿ ಆ ನಾಲ್ವರು, ಚುಕ್ಕಾಣಿಗನಿಲ್ಲದ ದೋಣಿಯಲ್ಲಿ, ಎದುರಾಳಿಗಳನ್ನು ಬಹುದೂರ ಬಿಟ್ಟು ಗುರಿ ಮುಟ್ಟಿದರು. ದೋಣಿಸ್ಪರ್ಧೆಯಲ್ಲಿ ಕೆನಡಾದ ಮೊತ್ತಮೊದಲ ಒಲಿಂಪಿಕ್ಸ್ ಚಿನ್ನವದು! ಎಂಟು ಜನರ ತಂಡ ಬೆಳ್ಳಿ ತಂದಿತು. 1960ರ ರೋಮ್‌ನಲ್ಲಿ ಮತ್ತೆ ಬೆಳ್ಳಿ. ಆ ಒಲಿಂಪಿಕ್ಸ್‌ನಲ್ಲಿ ಇಡೀ ಕೆನಡಾಕ್ಕೆ ದಕ್ಕಿದ ಏಕೈಕ ಪದಕ ಅದೇ.

1964ರ ಟೋಕಿಯೊ ಕಥೆಯಂತೂ ಕಟ್ಟುಕಥೆಯನ್ನೂ ಮೀರಿಸುತ್ತದೆ. ಯುಬಿಸಿಯ ಜಾರ್ಜ್ ಹಂಗರ್‌ಫೋರ್ಡ್ ಗ್ರಂಥಿಜ್ವರಕ್ಕೆ ತುತ್ತಾಗಿ ಎಂಟು ಜನರ ದೋಣಿಯಲ್ಲಿದ್ದ ಸ್ಥಾನ ಕಳೆದುಕೊಂಡಿದ್ದರು. ಚೇತರಿಸಿಕೊಳ್ಳುತ್ತಿದ್ದ ಅವರನ್ನು ಇಬ್ಬರ ದೋಣಿಯಲ್ಲಿ ರೋಜರ್ ಜಾಕ್ಸನ್ ಜೊತೆ ಕೂರಿಸಲಾಯಿತು. ದೋಣಿಯೂ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಎರವಲು ತಂದದ್ದು. ಈ ಜೋಡಿ ಪದಕದ ಲೆಕ್ಕದಲ್ಲೇ ಇರಲಿಲ್ಲವಾದ್ದರಿಂದ ಅಂತಿಮ ಸ್ಪರ್ಧೆ ನೋಡಲು ಕೆನಡಾದ ಪತ್ರಕರ್ತರೂ ಬಂದಿರಲಿಲ್ಲ. ನೆದರ್ಲೆಂಡ್ಸ್ ದೋಣಿಗಿಂತ ಅರ್ಧ ಸೆಕೆಂಡಿನಷ್ಟು ಮುಂದೆ ಮುಟ್ಟಿದ ಇಬ್ಬರೂ ಟೋಕಿಯೊದಲ್ಲಿ ಕೆನಡಾದ ಏಕೈಕ ಚಿನ್ನ ಗೆದ್ದರು. ಪತ್ರಕರ್ತರ ಪಾಡು ಏನಾಗಿರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು.

ಅದೇ ವರ್ಷ ಯುಬಿಸಿಯ ಹಿಮಾಂಗಣದಿಂದ ಇನ್ನೊಂದು ತಂಡ ಚಳಿಗಾಲದ ಒಲಿಂಪಿಕ್ಸ್‌ಗೆ ಹೊರಟಿತ್ತು. ಕ್ಯಾಂಪಸ್ಸಿನ ಸೇಂಟ್ ಮಾರ್ಕ್ಸ್ ಕಾಲೇಜಿನಲ್ಲಿದ್ದ ಕ್ಯಾಥೊಲಿಕ್ ಪಾದ್ರಿ ಫಾದರ್ ಡೇವಿಡ್ ಬಾವರ್ ಅವರದು ಒಂದು ವಿಶಿಷ್ಟ ಕನಸು: ಹಣಕ್ಕಾಗಿ ಆಡುವ ವೃತ್ತಿಪರರ ಬದಲು, ಓದುತ್ತಲೇ ಆಡುವ ಹುಡುಗರ ರಾಷ್ಟ್ರೀಯ ಐಸ್ ಹಾಕಿ ತಂಡ. ಆ ತಂಡ ನೆಲೆ ಕಂಡುಕೊಂಡದ್ದು ಯುಬಿಸಿಯಲ್ಲಿ. 1963ರಲ್ಲಿ ಅಲ್ಲಿ ತೆರೆದ ಚಳಿಗಾಲದ ಕ್ರೀಡಾಕೇಂದ್ರದ ವೆಚ್ಚಕ್ಕೂ ವಿದ್ಯಾರ್ಥಿಗಳು ಹೆಗಲು ಕೊಟ್ಟರು. ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ಎದುರಿನ ಪಂದ್ಯದ ವೇಳೆ ಎದುರಾಳಿಯೊಬ್ಬನ ಕೋಲು ಬಾವರ್ ಅವರ ಹಣೆಗೆ ತಗುಲಿ ನೆತ್ತರು ಹರಿಯಿತು. ಕೆರಳಿ ಎದ್ದ ತಮ್ಮ ಹುಡುಗರನ್ನು ಅವರು ಬೆಂಚಿನಿಂದ ಕದಲಗೊಡಲಿಲ್ಲ. ಐದು ಗೆಲುವು, ಎರಡು ಸೋಲು ಕಂಡ ಕೆನಡಾ, ಸಮಾನ ಅಂಕ ಪಡೆದ ತಂಡಗಳನ್ನು ಗೋಲುಗಳ ವ್ಯತ್ಯಾಸದಿಂದ ಬೇರ್ಪಡಿಸುವ ಲೆಕ್ಕಾಚಾರದಲ್ಲಿ ನಾಲ್ಕನೆಯ ಸ್ಥಾನಕ್ಕೆ ಸರಿದು ಪದಕ ತಪ್ಪಿಸಿಕೊಂಡಿತು. ಸಂಯಮಕ್ಕಾಗಿ ಬಾವರ್ ಅವರಿಗೆ ಮಾತ್ರ ವಿಶೇಷ ಚಿನ್ನದ ಪದಕ ಸಂದಿತು. ಸೋತ ತಂಡದ ಕೋಚ್ ಕೊರಳಿಗೆ ಚಿನ್ನ ಬಿದ್ದ ನಿದರ್ಶನ ಕ್ರೀಡೆಯ ಇತಿಹಾಸದಲ್ಲಿ ವಿರಳ.

ಬಾವರ್ ಹೆಸರಿನ ಆ ಹಳೆಯ ಅಂಗಣವನ್ನು ಕೆಡವದೆ, ಅದನ್ನು ಒಡಲಲ್ಲಿ ಇಟ್ಟುಕೊಂಡೇ 2008ರಲ್ಲಿ ಡಗ್ ಮಿಚೆಲ್ ಥಂಡರ್‌ಬರ್ಡ್ ಕ್ರೀಡಾಕೇಂದ್ರ ತಲೆಯೆತ್ತಿತು. ಹೆಸರು ಹೊತ್ತ ಮಿಚೆಲ್ ಯುಬಿಸಿಯಲ್ಲಿ ಓದಿದವರು, ಮುಂದೆ ಕೆನಡಾ ಫುಟ್‌ಬಾಲ್ ಲೀಗಿನ ಕಮಿಷನರ್ ಆದವರು. ಇಲ್ಲಿ ಮೂರು ಹಿಮಾಂಗಣಗಳಿವೆ. ಮುಖ್ಯ ಅಂಗಣದ ಸುತ್ತ ಸುಮಾರು ಏಳು ಸಾವಿರ ಪ್ರೇಕ್ಷಕರು ಕೂರಬಹುದು.

ಈಜಿನ ನೆಲೆ ಇನ್ನೂ ಹೊಸದು. 1954ರ ಎಂಪೈರ್ ಕ್ರೀಡಾಕೂಟಕ್ಕೆಂದು ತೋಡಿದ್ದ ಬಯಲು ಕೊಳ ದಶಕಗಳ ಕಾಲ ಸೇವೆ ಸಲ್ಲಿಸಿ ತೆರವಾಯಿತು. 2017ರಲ್ಲಿ ಹೊಸ ಅಕ್ವಾಟಿಕ್ ಸೆಂಟರ್ ತೆರೆಯಿತು. ವ್ಯಾಂಕೂವರ್ ಮಳೆಗೆ ಹೆಸರಾದ ಊರು. ಆ ಮಳೆಯನ್ನು ಈ ಕಟ್ಟಡ ವ್ಯರ್ಥವಾಗಲು ಬಿಡುವುದಿಲ್ಲ. ಛಾವಣಿಯ ಮೇಲೆ ಬಿದ್ದ ನೀರು ನೆಲದಡಿಯ ಬೃಹತ್ ತೊಟ್ಟಿ ಸೇರಿ, ಶೌಚಾಲಯಗಳಿಗೂ ಗಿಡಗಳಿಗೂ ಹರಿಯುತ್ತದೆ. ಕೊಳದ ನೀರು ಇಳಿದಾಗ ಅದನ್ನು ತುಂಬಿಸಲೂ ಬಳಕೆಯಾಗುತ್ತದೆ. ಒಳಾಂಗಣ ಕೊಳಗಳಲ್ಲಿ ಈಜುಗಾರರಿಗೆ ಕಣ್ಣುರಿ, ಕೆಮ್ಮು ತರುವುದು ಕ್ಲೋರಿನ್ ಬೆವರಿನೊಡನೆ ಸೇರಿ ಹುಟ್ಟಿಸುವ ಅನಿಲ. ಅದು ನೀರಿನ ಮೇಲ್ಮೈಗೆ ಅಂಟಿಕೊಂಡಂತೆ, ಸರಿಯಾಗಿ ಈಜುಗಾರ ಉಸಿರೆಳೆಯುವ ಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಕೊಳದ ಅಂಚಿನಲ್ಲೇ ಅದನ್ನು ಹೀರಿ ಹೊರಹಾಕುವ ಏರ್ಪಾಡಿದೆ. ಇದೇ ವಿಶ್ವವಿದ್ಯಾಲಯದ ಈಜುಪರಂಪರೆಯಿಂದ ಬಂದ ಬ್ರೆಂಟ್ ಹೇಡನ್ 2007ರಲ್ಲಿ ನೂರು ಮೀಟರ್ ಫ್ರೀಸ್ಟೈಲ್‌ನ ವಿಶ್ವಚಾಂಪಿಯನ್ ಪಟ್ಟವನ್ನು ಇಟಲಿಯ ಮಾಗ್ನಿನಿ ಜೊತೆ ಹಂಚಿಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು.

ಕ್ಯಾಂಪಸ್ಸಿನ ದಕ್ಷಿಣದ ಅಂಚಿನಲ್ಲಿ 1967ರಲ್ಲಿ ತೆರೆದ ಥಂಡರ್‌ಬರ್ಡ್ ಸ್ಟೇಡಿಯಂ ಇದೆ. ಓಟದ ಅಂಗಣಕ್ಕೆ ರಶ್‌ಪಾಲ್ ಧಿಲ್ಲೋನ್ ಅವರ ಹೆಸರಿದೆ. ಈ ಪ್ರಾಂತ್ಯದಲ್ಲಿ ಪಂಜಾಬಿಗಳು ಎಷ್ಟು ಆಳಕ್ಕೆ ಬೇರುಬಿಟ್ಟಿದ್ದಾರೆಂಬುದಕ್ಕೆ ಅದೊಂದು ಸಾಕ್ಷಿ. ಮಹಿಳಾ ವಾಲಿಬಾಲ್ ತಂಡ 2008ರಿಂದ 2013ರವರೆಗೆ ಸತತ ಆರು ಬಾರಿ ರಾಷ್ಟ್ರೀಯ ಕಿರೀಟ ಧರಿಸಿತು. ರಗ್ಬಿಯನ್ನು ಹೋಲುವ ಕೆನಡಾ ಶೈಲಿಯ ಫುಟ್‌ಬಾಲ್ ತಂಡದ ಪಯಣದಲ್ಲಿ ಏರಿಳಿತಗಳೇ ಹೆಚ್ಚು: 2014ರಲ್ಲಿ ಎಂಟು ಪಂದ್ಯಗಳಲ್ಲಿ ಎರಡೇ ಗೆದ್ದ ತಂಡ ಮರುವರ್ಷ ಹೊಸ ಕೋಚ್ ಬ್ಲೇಕ್ ನಿಲ್ ಕೈಯಲ್ಲಿ ರಾಷ್ಟ್ರೀಯ ಪ್ರಶಸ್ತಿಯಾದ ವ್ಯಾನಿಯರ್ ಕಪ್ ಫೈನಲ್ ತಲುಪಿತು. ಮಾಂಟ್ರಿಯಲ್ ವಿರುದ್ಧ ಸ್ಕೋರು ಸಮನಾಗಿ ನಿಂತಿದ್ದಾಗ, ಆಟದ ಕಟ್ಟಕಡೆಯ ಒದೆತ ಕಂಬಗಳ ನಡುವೆ ಹಾದುಹೋಗಿ 26–23ರ ಗೆಲುವು ದಕ್ಕಿತು. 2023ರಲ್ಲಿ ಅದೇ ಮಾಂಟ್ರಿಯಲ್ ಫೈನಲ್‌ನಲ್ಲಿ ಸೇಡು ತೀರಿಸಿಕೊಂಡಿತು.

ಅಮೆರಿಕದ ಕಾಲೇಜು ಕ್ರೀಡೆಯ ಕೋಟ್ಯಂತರ ಡಾಲರುಗಳ ಅಬ್ಬರ ಇಲ್ಲಿಲ್ಲ. ಯು ಸ್ಪೋರ್ಟ್ಸ್ ಎಂಬ ರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಕ್ರೀಡಾ ವಿದ್ಯಾರ್ಥಿವೇತನ ಬೋಧನಾ ಮತ್ತು ಕಡ್ಡಾಯ ಶುಲ್ಕದ ಮಿತಿ ದಾಟುವಂತಿಲ್ಲ. ಆಡಲು ಐದು ವರ್ಷಗಳ ಅವಕಾಶ. ಗಡಿಯಾಚೆಯ ಕಾಲೇಜು ಕ್ರೀಡಾಸಂಸ್ಥೆಯಾದ ಎನ್‌ಸಿಎಎ ಸೇರುವ ಬಗ್ಗೆ ಕ್ಯಾಂಪಸ್ಸಿನಲ್ಲಿ ದೀರ್ಘ ಚರ್ಚೆ ನಡೆದು, 2011ರಲ್ಲಿ ಕೆನಡಾದಲ್ಲೇ ಉಳಿಯುವ ನಿರ್ಧಾರವಾಯಿತು. ವಿವೇಕದ ನಿರ್ಧಾರವೆಂದೇ ಈ ಲೇಖಕನ ಎಣಿಕೆ. ಎಣೆಯಿಲ್ಲದ ಪ್ರಶಸ್ತಿಗಳ ಆ ಪಟ್ಟಿ ಬೆಳೆದದ್ದು ಈ ನೆಲದ ಪೈಪೋಟಿಗಳಲ್ಲೇ ತಾನೆ.

ಹಾಗೆಂದು ಗಡಿ ಮುಚ್ಚಿಲ್ಲ. ಯು ಸ್ಪೋರ್ಟ್ಸ್‌ನಲ್ಲಿ ಬೇಸ್‌ಬಾಲ್ ಇಲ್ಲದ ಕಾರಣ ಆ ತಂಡ ಎನ್‌ಎಐಎ ಎಂಬ ಅಮೆರಿಕದ ಕಾಲೇಜು ಒಕ್ಕೂಟದಲ್ಲಿ ಆಡುತ್ತದೆ. ಅಲ್ಲಿಂದಲೇ ಬೆಳೆದ ಎಡಗೈ ಪಿಚರ್ ಜೆಫ್ ಫ್ರಾನ್ಸಿಸ್ 2002ರ ವೃತ್ತಿಪರ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಕೊಲರಾಡೊ ರಾಕೀಸ್ ಸೇರಿ, 2007ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಚೆಂಡೆಸೆದರು. ರಗ್ಬಿಯವರ ನಂಟು ಇದಕ್ಕಿಂತ ಹಳೆಯದು: ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದೊಡನೆ ಅವರು 1920ರ ದಶಕದಿಂದ ಆಡುತ್ತ ಬಂದಿರುವ ಸರಣಿಯ ಹೆಸರು ‘ವರ್ಲ್ಡ್ ಕಪ್’. ಬೆಳ್ಳಿಯ ಬಟ್ಟಲನ್ನು ಕೊಟ್ಟದ್ದು ‘ವರ್ಲ್ಡ್’ ಎಂಬ ವ್ಯಾಂಕೂವರ್ ಪತ್ರಿಕೆ. ಪತ್ರಿಕೆ ಎಂದೋ ನಿಂತುಹೋಗಿದೆ. ಅದರ ಬಟ್ಟಲಿಗಾಗಿ ಎರಡು ವಿಶ್ವವಿದ್ಯಾಲಯಗಳ ಹುಡುಗರು ಈಗಲೂ ಕೆಸರಿನಲ್ಲಿ ಗುದ್ದಾಡುತ್ತಿದ್ದಾರೆ.