ಕೊಬ್ಬು ತೆಗೆಸುವ ಮುನ್ನ

"ಹೆರಿಗೆಯ ನಂತರ ಹೊಟ್ಟೆ ಇಳಿಯಲೇ ಇಲ್ಲ, ಆಪರೇಷನ್ ಮಾಡಿಸಲೇ?" ಹೊಸಕೋಟೆಯ ಮನೆಗಳಲ್ಲೂ ಈ ಮಾತು ಕೇಳಿಬರುತ್ತಿದೆ. ಸಹೋದರಿಯರೇ, ನಿರ್ಧರಿಸುವ ಮುನ್ನ ಇದನ್ನೊಮ್ಮೆ ಓದಿ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ವಯಸ್ಸು ಕೇವಲ 21. ಹೆತ್ತವರಿಗೆ ತಿಳಿಸದೆ ಹೋಗಿದ್ದರೆಂದು ಆಗ ವರದಿಯಾಗಿತ್ತು.

ಲೈಪೋಸಕ್ಷನ್ ತೂಕ ಇಳಿಸುವ ಚಿಕಿತ್ಸೆಯಲ್ಲ. ಸಣ್ಣ ನಳಿಕೆಯಿಂದ ಒಂದು ಭಾಗದ ಕೊಬ್ಬನ್ನು ಹೀರಿ ತೆಗೆಯುತ್ತಾರೆ, ಅಷ್ಟೇ. ಜೋತುಬಿದ್ದ ಚರ್ಮ ಅದರಿಂದ ಬಿಗಿಯಾಗದು. ಅದಕ್ಕೆ ಟಮ್ಮಿ ಟಕ್ ಎಂಬ ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಕೆಳಹೊಟ್ಟೆಯ ಉದ್ದಕ್ಕೂ ಗಾಯದ ಗುರುತು ಉಳಿಯುತ್ತದೆ. ಊತ, ನೋವು, ವಾರಗಟ್ಟಲೆ ಬಿಗಿ ಉಡುಪು. ನಿಜವಾದ ಆಕಾರ ಕಾಣಲು 3ರಿಂದ 6 ತಿಂಗಳು ಬೇಕು. ಟಮ್ಮಿ ಟಕ್ ಆದವರು ಸುಮಾರು 6 ವಾರ ತುಂಬಿದ ಬಿಂದಿಗೆ ಎತ್ತುವಂತಿಲ್ಲ, ಮಗುವನ್ನೂ ಎತ್ತುವಂತಿಲ್ಲ. ಅಳುವ ಮಗುವಿಗೆ ಇದನ್ನು ಯಾರು ತಿಳಿಹೇಳುವರೋ! ಬಗ್ಗಲಾಗದ ದಿನಗಳಲ್ಲಿ ನಮಾಝ್ ಕುಳಿತೇ ಆಗಬೇಕು. ಇನ್ನೂ ಮಕ್ಕಳು ಬೇಕೆನ್ನುವವರು ಕಾಯುವುದೇ ಲೇಸು. ಮತ್ತೊಂದು ಬಸಿರಿನಲ್ಲಿ ಹೊಟ್ಟೆ ಪುನಃ ಸಡಿಲಾಗಬಹುದು.

ಅಪರೂಪವಾದರೂ ಅಪಾಯಗಳಿವೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದು ಕಾಲು ಊದಿಕೊಂಡರೆ ಬೆಳಗಾಗಲೆಂದು ಕಾಯಬೇಡಿ.

ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಪದವಿ ಪಡೆದವರೇ? ಅರಿವಳಿಕೆ ತಜ್ಞರು ಕೊನೆಯವರೆಗೂ ಜೊತೆಗಿರುತ್ತಾರೆಯೇ? ಅಲ್ಲೇ ಐಸಿಯು ಇದೆಯೇ? ಮನೆಯವರನ್ನು ಕರೆದೊಯ್ದು ಅವರ ಎದುರಿಗೇ ಕೇಳಿ. ಬೆಂಗಳೂರಿನಲ್ಲಿ ಮಾಡಿಸುವುದಾದರೆ ಮೊದಲ ಕೆಲವು ದಿನ ಅಲ್ಲೇ ಬಂಧುಗಳ ಮನೆಯಲ್ಲಿ ಉಳಿಯಿರಿ. ತುರ್ತಿನ ಹೊತ್ತಿನಲ್ಲಿ ಕೆ.ಆರ್. ಪುರದ ವಾಹನ ದಟ್ಟಣೆ ದಾರಿ ಬಿಡುವುದಿಲ್ಲ.