ಗಾಜಿನ ನಗರ, ಹಾಕದ ಸಹಿ

ಪ್ಯಾರಿಸ್ಸಿನ ಮಾಂಪರ್ನಾಸ್ ನಿಲ್ದಾಣದಿಂದ ಹೊರಟ ರೈಲು ನೈಋತ್ಯಕ್ಕೆ 90 ಕಿ.ಮೀ. ದೂರದ ಶಾರ್ತ್ರ್ ನಗರವನ್ನು ಸುಮಾರು ಒಂದು ಗಂಟೆಯಲ್ಲಿ ತಲುಪುತ್ತದೆ. ಕಣ್ಣು ಹಾಯುವಷ್ಟು ದೂರ ಗೋಧಿಯ ಬಯಲು. ಅದರ ನಡುವೆ, ಊರು ಕಾಣುವ ಮೊದಲೇ, ಒಂದನ್ನೊಂದು ಹೋಲದ ಎರಡು ಗೋಪುರಗಳು ಗೋಚರಿಸುತ್ತವೆ. ದಕ್ಷಿಣದ್ದು 12ನೆಯ ಶತಮಾನದ ಸರಳ ಶಿಖರ; ಉತ್ತರದ್ದು, ಹಳೆಯದು ಸಿಡಿಲಿಗೆ ಬಲಿಯಾದ ಮೇಲೆ 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಕುಸುರಿ ಕೆಲಸದ ಶಿಖರ.

ಮೇರಿ ಮಾತೆಯದೆಂದು ನಂಬಲಾದ ವಸ್ತ್ರವೊಂದನ್ನು ದೊರೆ ಬೋಳು ಚಾರ್ಲ್ಸ್ 876ರಲ್ಲಿ ಇಲ್ಲಿನ ಚರ್ಚಿಗೆ ಅರ್ಪಿಸಿದನೆಂಬುದು ಪ್ರತೀತಿ. ಅದರಿಂದಲೇ ಶಾರ್ತ್ರ್ ಯಾತ್ರಾಸ್ಥಳವಾಯಿತು. 1194ರ ಜೂನ್‌ನಲ್ಲಿ ಬೆಂಕಿ ಚರ್ಚಿನ ಬಹುಭಾಗವನ್ನು ನುಂಗಿತು. ವಸ್ತ್ರ ಮಾತ್ರ ಸುರಕ್ಷಿತವಾಗಿ ದೊರೆತದ್ದನ್ನು ಶುಭಸೂಚನೆಯೆಂದು ಬಗೆದ ಜನ ಮತ್ತೆ ಕಟ್ಟಲು ಮುಂದಾದರು. ಸುಮಾರು ಮೂರು ದಶಕಗಳಲ್ಲಿ ಇಂದಿನ ಕೆಥೆಡ್ರಲ್‌ನ ಬಹುಪಾಲು ಎದ್ದುನಿಂತಿತು. 1260ರಲ್ಲಿ ಅದರ ಪ್ರತಿಷ್ಠಾಪನೆ ನಡೆಯಿತು. 1979ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಗೆ ಕಾಲಿಟ್ಟವರನ್ನು ಮೊದಲು ಸೆಳೆಯುವುದು ಬಣ್ಣದ ಗಾಜು. 170ಕ್ಕೂ ಹೆಚ್ಚು ಕಿಟಕಿಗಳು; ಬಹುಪಾಲು 12 ಮತ್ತು 13ನೆಯ ಶತಮಾನದವು. ಅರ್ಥಶಾಸ್ತ್ರ ಓದಿದ ನನ್ನ ಕಣ್ಣು ಸಂತರಿಗಿಂತ ಕೆಳಗಿನ ಚೌಕಟ್ಟುಗಳಲ್ಲೇ ನಿಂತಿತು. ಅಲ್ಲಿ ರೊಟ್ಟಿ ಮಾರುವವರು, ಪಾದರಕ್ಷೆ ಹೊಲಿಯುವವರು, ನಾಣ್ಯ ವಿನಿಮಯ ಮಾಡುವವರು ಇದ್ದಾರೆ. ಈ ಕಸುಬುದಾರರ ಸಂಘಗಳೇ ಕಿಟಕಿಗಳ ದಾನಿಗಳೆಂದು ಬಹುಕಾಲ ನಂಬಲಾಗಿತ್ತು. ಕೆಲವು ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಆದರೂ 13ನೆಯ ಶತಮಾನದ ಒಂದು ಸಂತೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆಗಳು ವಿರಳ. ನೆಲದ ಮೇಲೆ ಸುಮಾರು 13 ಮೀಟರ್ ಅಗಲದ ಸುತ್ತುಬಳಸಿನ ಚಕ್ರವ್ಯೂಹವಿದೆ. ಅದರಲ್ಲಿ ದಾರಿ ತಪ್ಪುವ ಭಯವಿಲ್ಲ. ಇರುವುದೊಂದೇ ದಾರಿ, ಅದು ನಡುವಿಗೆ ಒಯ್ಯುತ್ತದೆ.

ಕೆಳಗಿಳಿದರೆ ಎರ್ ನದಿ, ಕಲ್ಲಿನ ಸೇತುವೆಗಳು, ಮರದ ಚೌಕಟ್ಟಿನ ಹಳೆಯ ಮನೆಗಳು. ಊರಿನ ಇನ್ನೊಂದು ಕಡೆ, ಸ್ಮಶಾನದಲ್ಲಿ ಕೆಲಸ ಮಾಡುತ್ತಿದ್ದ ರೇಮಂ ಇಸಿದೋರ್ ಒಡೆದ ಪಿಂಗಾಣಿ, ಗಾಜಿನ ಚೂರುಗಳಿಂದ ಅಲಂಕರಿಸಿದ ಮನೆಯೂ ನೋಡತಕ್ಕದ್ದೇ.

ಆದರೆ ನಾನು ಮರಳಿ ಬಂದ ಮೇಲೂ ಕಾಡುತ್ತಿರುವುದು ಇನ್ನೊಂದು ಗಾಜಿನ ಚೂರು. 1939ರಲ್ಲಿ, ಯುದ್ಧದ ಮುನ್ಸೂಚನೆ ಕಂಡು, ಕೆಥೆಡ್ರಲ್‌ನ ಗಾಜನ್ನೆಲ್ಲ ಬಿಚ್ಚಿ ಪೆಟ್ಟಿಗೆಗಳಲ್ಲಿಟ್ಟು ರಕ್ಷಿಸಲಾಯಿತು. ಆ ವರ್ಷ ಇಲ್ಲಿ ಪ್ರಿಫೆಕ್ಟ್ ಆಗಿ ಬಂದವನು ಝಾಂ ಮೂಲಾಂ. ಅದು ನಮ್ಮ ಜಿಲ್ಲಾಧಿಕಾರಿಗೆ ಸರಿಸುಮಾರು ಸಮನಾದ ಹುದ್ದೆ. 1940ರ ಜೂನ್ 17ರಂದು, ಜನ ಊರು ಬಿಟ್ಟು ಓಡಿದ್ದಾಗ, ತನ್ನ ಕಚೇರಿಯಲ್ಲೇ ಉಳಿದಿದ್ದ ಅವನನ್ನು ಜರ್ಮನ್ ಅಧಿಕಾರಿಗಳು ಕರೆದೊಯ್ದರು. ಬಾಂಬಿಗೆ ಬಲಿಯಾದ ನಾಗರಿಕರನ್ನು ಫ್ರೆಂಚ್ ಸೇನೆಯ ಆಫ್ರಿಕನ್ ಸೈನಿಕರು ಅತ್ಯಾಚಾರಗೈದು ಕೊಂದರೆಂಬ ಪತ್ರವನ್ನು ಮುಂದಿಟ್ಟು, ಸಹಿ ಹಾಕೆಂದರು. ಗಂಟೆಗಟ್ಟಲೆ ಹೊಡೆದರೂ ಅವನು ಒಪ್ಪಲಿಲ್ಲ. ಮರುದಿನದ ಹಿಂಸೆಗೆ ಸೋತು ಸಹಿ ಹಾಕಿಬಿಟ್ಟೇನೆಂಬ ಅಂಜಿಕೆಯಿಂದ ಆ ರಾತ್ರಿ ನೆಲದಲ್ಲಿ ಬಿದ್ದಿದ್ದ ಗಾಜಿನ ಚೂರಿನಿಂದ ಕುತ್ತಿಗೆ ಕೊಯ್ದುಕೊಂಡ. ಬದುಕುಳಿದ. ವಿಷಿ ಸರ್ಕಾರ ಅದೇ ವರ್ಷದ ನವೆಂಬರಿನಲ್ಲಿ ಅವನನ್ನು ಹುದ್ದೆಯಿಂದ ತೆಗೆಯಿತು. ಮುಂದೆ ಪ್ರತಿರೋಧ ಚಳವಳಿಯನ್ನು ಒಗ್ಗೂಡಿಸಿದ ಅವನು 1943ರಲ್ಲಿ ಸೆರೆಯಾಗಿ, ಚಿತ್ರಹಿಂಸೆಗೊಳಗಾಗಿ ಮಡಿದ.

1944ರ ಆಗಸ್ಟ್ 16ರದ್ದು ಇಂಥದೇ ಇನ್ನೊಂದು ಪ್ರಸಂಗ. ಗೋಪುರದಲ್ಲಿ ಜರ್ಮನ್ನರು ಅಡಗಿದ್ದಾರೆಂಬ ಶಂಕೆಯಿಂದ ಅಮೆರಿಕನ್ ಸೇನೆ ಕೆಥೆಡ್ರಲ್ ಮೇಲೆ ಫಿರಂಗಿ ಹಾರಿಸಲು ಸಜ್ಜಾಗಿತ್ತು. ಕರ್ನಲ್ ವೆಲ್‌ಬರ್ನ್ ಗ್ರಿಫಿತ್ ತಾನೇ ಒಳಹೊಕ್ಕು ನೋಡಿ, ಯಾರೂ ಇಲ್ಲವೆಂದು ತಿಳಿಸಿದ. ಫಿರಂಗಿ ಹಾರಲಿಲ್ಲ. ಅದೇ ದಿನ ಸಮೀಪದ ಲೇವ್ ಎಂಬಲ್ಲಿ ಅವನು ಹತನಾದ.

ಮೂಲಾಂನ ಸ್ಮಾರಕದ ಮುಂದೆ ನಿಂತಾಗ ನನಗೆ ನನ್ನದೊಂದು ಕಡತ ನೆನಪಾಯಿತು. ಬರಗಾಲದ ಒಂದು ವರ್ಷ, ದೂರದ ಹಳ್ಳಿಯೊಂದರ ಸಾವನ್ನು ‘ಅನಾರೋಗ್ಯದಿಂದ’ ಎಂದು ಬರೆದ ವರದಿ ನನ್ನ ಮೇಜಿಗೆ ಬಂದಿತ್ತು. ಮೃತನ ಮನೆಯ ಖಾಲಿ ಮಡಕೆಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಯಾರೂ ನನ್ನನ್ನು ಹೊಡೆಯಲಿಲ್ಲ, ಹೆದರಿಸಲೂ ಇಲ್ಲ; ಸದನದ ಅಧಿವೇಶನ ಹತ್ತಿರವಿದೆ ಎಂದಷ್ಟೇ ಫೋನಿನಲ್ಲಿ ಹೇಳಿದರು. ನಾನು ಸಹಿ ಹಾಕಿದೆ.

ಶಾರ್ತ್ರ್‌ಗೆ ಹೋಗುವವರು ಗಾಜನ್ನು ಅವಶ್ಯ ನೋಡಲಿ. ಬಿಸಿಲಿರುವ ದಿನವಾದರೆ ಒಳ್ಳೆಯದು. ಹೊರಬಂದ ಮೇಲೆ ಆ ಸ್ಮಾರಕದ ಬಳಿಯೂ ಹತ್ತು ನಿಮಿಷ ನಿಲ್ಲಲಿ. ಸರ್ಕಾರಿ ನೌಕರಿಗೆ ಹೊಸದಾಗಿ ಸೇರಿದ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಲಿ.